ಎಲೆಯ ತುದಿಯ ಹನಿ

ಕಳೆದ ವರ್ಷ ಮಳೆಗಾಲದಲ್ಲಿ ಒಂದು ದಿನ ಮುಂಜಾನೆ ಪ್ರೌಢಶಾಲೆಯೊಂದರ ಕೈತೋಟದಲ್ಲಿ ನಿಂತಿದ್ದೆ. ಹಿಂದಿನ ರಾತ್ರಿ ಮಳೆ ಬಂದಿರಲಿಲ್ಲ. ಆದರೂ ನೆಲ ಚೆನ್ನಾಗಿ ನೆನೆದಿತ್ತು; ಗಾಳಿ ಅಲುಗುತ್ತಿರಲಿಲ್ಲ; ಆಕಾಶವನ್ನು ಮೋಡ ಮುಸುಕಿತ್ತು. ಬೇಲಿಯ ಬದಿಯಲ್ಲಿ ತಾನಾಗಿ ಹುಟ್ಟಿಕೊಂಡಿದ್ದ ರಾಗಿಯ ಪೈರಿನ ಒಂದೊಂದು ಎಲೆಯ ತುದಿಯಲ್ಲಿಯೂ ಮುತ್ತಿನಂಥ ಒಂದೊಂದು ಹನಿ ನಿಂತಿತ್ತು. ಬಾವಿಕಟ್ಟೆಯ ಬಳಿಯಿದ್ದ ಕೆಸುವಿನ ಎಲೆಗಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಜೊತೆಯಲ್ಲಿದ್ದ ಹತ್ತನೆಯ ತರಗತಿಯ ಹುಡುಗರನ್ನು, "ಈ ನೀರು ಎಲ್ಲಿಂದ ಬಂತು, ಹೇಳಿ ನೋಡೋಣ" ಎಂದು ಕೇಳಿದೆ.

"ಇಬ್ಬನಿ, ಸಾರ್" ಎಂದು ಎಲ್ಲರೂ ಒಕ್ಕೊರಲಿನಿಂದ ಉತ್ತರಿಸಿದರು.

"ಇಬ್ಬನಿಯಾದರೆ ಎಲೆಯ ತುದಿಯಲ್ಲಿ ಮಾತ್ರ ಏಕಿದೆ? ಎಲೆಯ ನಡುವೆ ಏಕಿಲ್ಲ? ಬೇಲಿಯ ತಂತಿಯ ಮೇಲೆ ಇದೆಯೋ ಇಲ್ಲವೋ?"

ಯಾರೂ ಮಾತನಾಡಲಿಲ್ಲ. ಕೊನೆಗೆ ಒಬ್ಬ ಹುಡುಗ ಹೋಗಿ ತಂತಿಯನ್ನು ಮುಟ್ಟಿ ನೋಡಿದ. "ತಂತಿ ಒಣಗಿದೆ, ಸಾರ್!" ಎಂದು ಅವನು ಕೂಗಿದಾಗ ಅವನ ಮುಖದಲ್ಲಿ ಕಂಡ ಬೆರಗನ್ನು ನಾನು ಇನ್ನೂ ಮರೆತಿಲ್ಲ. ಅದೇ ಹುಡುಗರು ಎಲೆಯ ಅಡ್ಡಕೊಯ್ತದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಒಂದು ತಪ್ಪೂ ಇಲ್ಲದಂತೆ ಬರೆಯಬಲ್ಲವರು. ಪತ್ರರಂಧ್ರ, ಪತ್ರಹರಿತ್ತು, ಬಾಷ್ಪವಿಸರ್ಜನೆ, ಈ ಎಲ್ಲ ಮಾತುಗಳೂ ಅವರಿಗೆ ಬಾಯಿಪಾಠ. ಎಲೆಯ ಚಿತ್ರವನ್ನು ಅವರು ಬಲ್ಲರು, ಎಲೆಯನ್ನು ನೋಡಿರಲಿಲ್ಲ.

ಈ ದೋಷ ಹುಡುಗರದಲ್ಲ. ಅದನ್ನು ನಾವು, ಕಲಿಸುವವರು, ಅವರಿಗೆ ಕೊಟ್ಟಿದ್ದೇವೆ. ಎಲೆಗೂ ನೀರಿಗೂ ಇರುವ ಸಂಬಂಧವನ್ನು ಕಣ್ಣಾರೆ ನೋಡಿ ಅರಿಯುವುದಕ್ಕೆ ನಮ್ಮ ನಾಡಿನ ಮಳೆಗಾಲಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಬಯಲುಸೀಮೆಯಲ್ಲಿ ಅದರ ಹತ್ತನೆಯ ಒಂದು ಪಾಲು ಬಿದ್ದರೂ ಎಲೆಗಳನ್ನು ನೋಡುವುದಕ್ಕೆ ಸಾಕು. ಹೀಗಿದ್ದೂ ಈ ವಿಷಯವನ್ನು ನಾವು ಪುಸ್ತಕದಿಂದಲೇ ಆರಂಭಿಸಿ ಪುಸ್ತಕದಲ್ಲಿಯೇ ಮುಗಿಸುತ್ತೇವೆ. ಅದರಿಂದ ಆಗುವ ನಷ್ಟ ಅಂಕಗಳ ನಷ್ಟವಲ್ಲ. ಚೆಂದದ ಕಥೆ ಯಾವುದು, ಪರೀಕ್ಷಿಸಿ ಕಂಡ ಸತ್ಯ ಯಾವುದು ಎಂಬ ವಿವೇಕದ ನಷ್ಟ. ಒಂದೇ ಒಂದು ನೀರಿನ ಹನಿಯನ್ನು ಹಿಡಿದು ಈ ಮಾತನ್ನು ವಿವರಿಸಲು ಯತ್ನಿಸುತ್ತೇನೆ.

ಇಬ್ಬನಿಯಲ್ಲದ ಹನಿ

ಮೊದಲು ಆ ರಾಗಿಯ ಎಲೆಯ ತುದಿಯ ಹನಿಯನ್ನೇ ತೆಗೆದುಕೊಳ್ಳೋಣ. ಗಾಳಿಯಲ್ಲಿರುವ ನೀರಾವಿ ತಣ್ಣನೆಯ ಮೈಯ ಮೇಲೆ ದ್ರವವಾಗಿ ಕೂತರೆ ಅದು ಇಬ್ಬನಿ. ನಿರ್ಮಲವಾದ ಆಕಾಶವಿರುವ ರಾತ್ರಿ ಭೂಮಿಯ ಮೇಲಿನ ವಸ್ತುಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತವೆ. ಆಗ ಇಬ್ಬನಿ ಕೂರುತ್ತದೆ. ಅದಕ್ಕೆ ಜೀವವಿರುವ ಎಲೆ, ಜೀವವಿಲ್ಲದ ತಂತಿ ಎಂಬ ಭೇದವಿಲ್ಲ. ಒಣಹುಲ್ಲಿನ ಮೇಲೆಯೂ ಕೂರುತ್ತದೆ, ಕಲ್ಲಿನ ಮೇಲೆಯೂ ಕೂರುತ್ತದೆ. ಎಲೆಯ ಮೇಲಾದರೆ ಮೈತುಂಬ ಕೂರುತ್ತದೆ.

ನಾವು ಕಂಡ ಹನಿ ಹಾಗಿರಲಿಲ್ಲ. ಅದು ಎಲೆಯ ಹೊರಗಿನಿಂದ ಬಂದದ್ದಲ್ಲ, ಒಳಗಿನಿಂದ ಬಂದದ್ದು. ಹಗಲಿನಲ್ಲಿ ಬೇರು ಹೀರಿದ ನೀರು ಪತ್ರರಂಧ್ರಗಳ ಮೂಲಕ ಆವಿಯಾಗಿ ಹೊರಟುಹೋಗುತ್ತದೆ. ರಾತ್ರಿ ಹೆಚ್ಚಿನ ಸಸ್ಯಗಳಲ್ಲಿ ಆ ರಂಧ್ರಗಳು ಮುಚ್ಚಿಕೊಳ್ಳುತ್ತವೆ; ಗಾಳಿಯಲ್ಲಿಯೂ ತೇವ ತುಂಬಿರುವುದರಿಂದ ಆವಿಯಾಗುವ ನೀರು ಅತ್ಯಲ್ಪ. ಆದರೆ ಬೇರುಗಳು ಮಾತ್ರ ತಮ್ಮ ಕೆಲಸವನ್ನು ನಿಲ್ಲಿಸುವುದಿಲ್ಲ. ಅವು ಮಣ್ಣಿನಿಂದ ಲವಣಗಳನ್ನು ಒಳಕ್ಕೆ ಸೆಳೆದುಕೊಳ್ಳುತ್ತಲೇ ಇರುತ್ತವೆ. ಲವಣಗಳ ಹಿಂದೆ ನೀರೂ ನುಗ್ಗುತ್ತದೆ. ಹೀಗೆ ಬೇರಿನಲ್ಲಿ ಒತ್ತಡ ಹುಟ್ಟಿ, ಕಾಂಡದ ನೀರ್ಗೊಳವೆಗಳ ಮೂಲಕ ನೀರು ಮೇಲಕ್ಕೇರಿ, ಎಲೆಯ ತುದಿಯಲ್ಲಿಯೋ ಅಂಚಿನಲ್ಲಿಯೋ ಇರುವ ಜಲರಂಧ್ರಗಳೆಂಬ ಸಣ್ಣ ದ್ವಾರಗಳಿಂದ ಹನಿಹನಿಯಾಗಿ ಹೊರಬರುತ್ತದೆ. ಇದಕ್ಕೆ ಬಿಂದುಸ್ರಾವವೆಂದು ಹೆಸರು.

ಈ ವಿವರಣೆಯನ್ನು ನಾನು ಹೇಳಿದೆನೆಂದು ನೀವು ನಂಬಬೇಕಾಗಿಲ್ಲ. ಮೂರು ಕುಂಡಗಳಲ್ಲಿ ರಾಗಿ ಬಿತ್ತಿ ಪೈರು ಬೆಳೆಸಿರಿ. ಒಂದು ಸಂಜೆ ಮೂರಕ್ಕೂ ಚೆನ್ನಾಗಿ ನೀರೆರೆಯಿರಿ. ಒಂದನ್ನು ಬಯಲಿನಲ್ಲಿಡಿ, ಎರಡನೆಯದರ ಮೇಲೆ ಬಕೆಟ್ಟೊಂದನ್ನು ಬೋರಲು ಹಾಕಿ, ಮೂರನೆಯ ಕುಂಡದ ಪೈರುಗಳನ್ನು ಬುಡಕ್ಕೆ ಕತ್ತರಿಸಿ, ನೀರು ತುಂಬಿದ ಲೋಟದಲ್ಲಿ ನಿಲ್ಲಿಸಿ, ಅದರ ಮೇಲೆಯೂ ಒಂದು ಬಕೆಟ್ಟನ್ನು ಮುಚ್ಚಿರಿ. ಬಕೆಟ್ಟಿನ ಕೆಳಗಿನ ಪೈರು ಆಕಾಶವನ್ನು ಕಾಣದು; ಅದರ ಮೇಲೆ ಇಬ್ಬನಿ ಕೂರುವ ಸಂಭವವಿಲ್ಲ. ಬೆಳಗ್ಗೆ ಎದ್ದು ನೋಡಿರಿ. ಬೇರಿರುವ ಪೈರಿನ ತುದಿಯಲ್ಲಿ ಹನಿಯಿದ್ದು ಬೇರಿಲ್ಲದ ಪೈರಿನ ತುದಿಯಲ್ಲಿ ಇಲ್ಲದಿದ್ದರೆ, ಹನಿಯನ್ನು ನೂಕಿದವರಾರೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಆ ಹನಿಯನ್ನು ಶುದ್ಧವಾದ ಗಾಜಿನ ಮೇಲೆ ಒಣಗಲು ಬಿಟ್ಟರೆ ಬಿಳಿಯ ಕಲೆ ಉಳಿಯುವುದುಂಟು. ಅದು ಬೇರು ಹೀರಿದ ಲವಣದ ಗುರುತು.

ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ 1727ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇಂಥದೇ ಸರಳ ಪ್ರಯೋಗಗಳನ್ನು ವರ್ಣಿಸಿದ್ದಾನೆ. ದ್ರಾಕ್ಷಿಬಳ್ಳಿಯ ಕಾಂಡವನ್ನು ಕತ್ತರಿಸಿ, ಬುಡದ ಭಾಗಕ್ಕೆ ಗಾಜಿನ ಕೊಳವೆಗಳನ್ನು ಒಂದರ ಮೇಲೊಂದು ಜೋಡಿಸಿ, ರಸ ಎಷ್ಟೆತ್ತರಕ್ಕೆ ಏರುವುದೆಂದು ಅವನು ಅಳೆದನು. ಸಸ್ಯಶರೀರಶಾಸ್ತ್ರದಲ್ಲಿ ಅಳತೆಯ ಯುಗವನ್ನು ತೆರೆದವರಲ್ಲಿ ಅವನು ಮೊದಲಿಗ. ಅವನಲ್ಲಿದ್ದುದು ಕೊಳವೆ, ತಕ್ಕಡಿ ಮತ್ತು ಸಹನೆ. ಮೊದಲ ಎರಡು ನಮ್ಮ ಶಾಲೆಗಳಲ್ಲಿಯೂ ಉಂಟು.

ತೊಯ್ಯದ ಎಲೆ

ಇನ್ನು ಕೆಸುವಿನ ಎಲೆಗೆ ಬರೋಣ. ಅದರ ಮೇಲೆ ಬಿದ್ದ ನೀರು ಹರಡುವುದಿಲ್ಲ. ಪಾದರಸದ ಗುಂಡಿನಂತೆ ಉರುಳಾಡಿ ಜಾರಿಹೋಗುತ್ತದೆ. ತಾವರೆಯ ಎಲೆಯದೂ ಇದೇ ರೀತಿ. ಸಂಸಾರದಲ್ಲಿದ್ದೂ ಅಂಟಿಕೊಳ್ಳದವನನ್ನು ತಾವರೆಯೆಲೆಯ ಮೇಲಣ ನೀರಿಗೆ ಹೋಲಿಸುವುದು ನಮ್ಮಲ್ಲಿ ಬಹು ಹಳೆಯ ಮಾತು. ಹೋಲಿಕೆಯನ್ನು ಕಂಡವರು ವಸ್ತುವನ್ನು ಚೆನ್ನಾಗಿಯೇ ನೋಡಿದ್ದರು. ಆದರೆ "ಏಕೆ ಅಂಟಿಕೊಳ್ಳುವುದಿಲ್ಲ?" ಎಂಬ ಪ್ರಶ್ನೆಗೆ ಉತ್ತರ ದೊರಕಲು ಬಹುಕಾಲ ಹಿಡಿಯಿತು.

ಹನಿಯ ಅಂಚು ಎಲೆಯನ್ನು ಮುಟ್ಟುವೆಡೆಯಲ್ಲಿ ನೀರಿನ ಒಳಗಡೆ ಉಂಟಾಗುವ ಕೋನಕ್ಕೆ ಸ್ಪರ್ಶಕೋನವೆಂದು ಹೆಸರು. ಶುದ್ಧವಾದ ಗಾಜಿನ ಮೇಲೆ ನೀರು ಹರಡಿಕೊಳ್ಳುವುದರಿಂದ ಈ ಕೋನ ಬಲು ಕಿರಿದು. ಮೇಣ ಸವರಿದ ನುಣುಪಾದ ಮೈಯ ಮೇಲೆ ಅದು 90 ಡಿಗ್ರಿಯನ್ನು ದಾಟುತ್ತದೆ; ಆದರೆ ಮೈ ನುಣುಪಾಗಿದ್ದಷ್ಟು ಕಾಲ ಸುಮಾರು 120 ಡಿಗ್ರಿಯನ್ನು ಮೀರಲಾರದು. ತಾವರೆಯ ಎಲೆಯ ಮೇಲಾದರೋ 150 ಡಿಗ್ರಿಯನ್ನೂ ಮೀರುತ್ತದೆ. ಬರಿಯ ಮೇಣದಿಂದ ಇದು ಸಾಧ್ಯವಲ್ಲ. ಹಾಗಾದರೆ ಮತ್ತೇನು?

ಜರ್ಮನಿಯ ಬಾನ್ ನಗರದ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ಟ್‌ಲಾಟ್ ಅವರು ಎಲೆಗಳ ಮೈಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಒಂದು ವಿಚಿತ್ರವನ್ನು ಗಮನಿಸಿದರು. ನುಣುಪಾದ ಎಲೆಗಳನ್ನು ನೋಡುವ ಮೊದಲು ತೊಳೆಯಬೇಕಾಗುತ್ತಿತ್ತು. ಒರಟು ಮೈಯ ಕೆಲವು ಎಲೆಗಳು ಮಾತ್ರ ಯಾವಾಗಲೂ ಶುಭ್ರವಾಗಿಯೇ ಇರುತ್ತಿದ್ದವು. ಒರಟು ಮೈಯಲ್ಲಿ ಕೊಳೆ ಹೆಚ್ಚು ನಿಲ್ಲಬೇಕೆಂಬುದು ನಮ್ಮ ಅನುಭವ. ಇಲ್ಲಿ ಅದಕ್ಕೆ ವ್ಯತಿರಿಕ್ತ. ಈ ಸಣ್ಣ ಅಸಂಗತಿಯನ್ನು ಅವರು ಕೈಬಿಡಲಿಲ್ಲ. 1997ರಲ್ಲಿ ಅವರೂ ಕ್ರಿಸ್ಟೋಫ್ ನೈನ್‌ಹೂಯಿಸ್ ಅವರೂ ಪ್ರಕಟಿಸಿದ ಲೇಖನದಲ್ಲಿ ಕಾರಣವನ್ನು ವಿವರಿಸಿದರು. ತಾವರೆಯ ಎಲೆಯ ಮೇಲ್ಮೈಯ ಒಂದೊಂದು ಕೋಶವೂ ಸಣ್ಣ ಗುಬುಟಿನಂತೆ ಉಬ್ಬಿರುತ್ತದೆ. ಆ ಗುಬುಟುಗಳ ಮೇಲೆ ಇನ್ನೂ ಸೂಕ್ಷ್ಮವಾದ ಮೇಣದ ಕೊಳವೆಗಳು ದಟ್ಟವಾಗಿ ನಿಂತಿರುತ್ತವೆ. ನೀರಿನ ಹನಿ ಇವುಗಳ ತುದಿಗಳ ಮೇಲೆ ಕೂರುತ್ತದೆಯೇ ಹೊರತು ಸಂದುಗಳಿಗೆ ಇಳಿಯುವುದಿಲ್ಲ. ಹನಿಯ ಕೆಳಗೆ ಬಹುಮಟ್ಟಿಗೆ ಇರುವುದು ಗಾಳಿ. ಧೂಳಿನ ಕಣವೂ ಅಷ್ಟೇ ಸಡಿಲವಾಗಿ ಕೂತಿರುತ್ತದೆ. ಉರುಳುವ ಹನಿ ಅದನ್ನು ತನ್ನೊಡನೆ ಒಯ್ಯುತ್ತದೆ.

ಇದನ್ನು ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಾಯಿತು, ನಿಜ. ಆದರೆ ಪರೀಕ್ಷಿಸಲು ಬೇಕಾಗಿಲ್ಲ. ಕೆಸುವಿನ ಎಲೆಯನ್ನು ನೀರು ತುಂಬಿದ ಬೋಗುಣಿಯಲ್ಲಿ ಮುಳುಗಿಸಿ ಓರೆಯಾಗಿ ನೋಡಿರಿ: ಎಲೆ ಬೆಳ್ಳಿಯ ತಗಡಿನಂತೆ ಹೊಳೆಯುತ್ತದೆ. ಎಲೆಗೂ ನೀರಿಗೂ ನಡುವೆ ಸಿಕ್ಕಿಕೊಂಡಿರುವ ಗಾಳಿಯ ತೆಳು ಪದರವೇ ಆ ಹೊಳಪಿಗೆ ಕಾರಣ. ಬಳಿಕ ಎಲೆಯನ್ನು ಹೊರತೆಗೆದು, ಒಂದು ಕಡೆ ಬೆರಳಿನಿಂದ ಗಟ್ಟಿಯಾಗಿ ಉಜ್ಜಿ, ಮತ್ತೆ ಮುಳುಗಿಸಿರಿ. ಉಜ್ಜಿದ ಜಾಗದಲ್ಲಿ ಬೆಳ್ಳಿ ಮಾಯವಾಗಿರುತ್ತದೆ. ಆ ಭಾಗದಲ್ಲಿ ಹನಿಯೂ ಮೊದಲಿನಂತೆ ಉರುಳುವುದಿಲ್ಲ. ಮೇಣದ ಆ ನವುರಾದ ರಚನೆ ಬೆರಳಿಗೆ ನಾಶವಾಯಿತು. ಒಂದು ಬೆರಳು, ಒಂದು ಬೋಗುಣಿ: ಇಷ್ಟರಿಂದ ಒಂದು ದೊಡ್ಡ ಸಿದ್ಧಾಂತದ ಮುಖ್ಯ ಭಾಗವನ್ನು ಹುಡುಗನೊಬ್ಬ ತಾನೇ ಪರೀಕ್ಷಿಸಿ ನೋಡಬಲ್ಲ.

ಅರಳಿಯ ಬಾಲ

ಇಲ್ಲಿಯವರೆಗೆ ಪ್ರಯೋಗವೂ ವಿವರಣೆಯೂ ಜೊತೆಜೊತೆಯಾಗಿ ನಡೆದವು. ಎಲ್ಲ ಕಡೆಯೂ ಹೀಗೆಯೇ ಎಂದು ತಿಳಿದರೆ ಮೋಸಹೋಗುತ್ತೇವೆ. ಅರಳಿಯ ಎಲೆಯನ್ನು ನೋಡಿರಿ. ಹೃದಯದ ಆಕಾರದ ಆ ಎಲೆಯ ತುದಿ ಬಾಲದಂತೆ ನೀಳವಾಗಿ ಇಳಿಬಿದ್ದಿದೆ. ಮಳೆ ಬಂದಾಗ ಎಲೆಯ ನೀರೆಲ್ಲ ಆ ಬಾಲದ ಕಡೆಗೆ ಹರಿದು ಅಲ್ಲಿಂದ ತೊಟ್ಟಿಕ್ಕುತ್ತದೆ. ಮಳೆಕಾಡುಗಳ ಅನೇಕ ಮರಗಳ ಎಲೆಗಳಿಗೆ ಇಂಥ ಚೂಪು ತುದಿಯುಂಟು. ಇದಕ್ಕೆ ತೊಟ್ಟಿಕ್ಕುವ ತುದಿ ಎನ್ನೋಣ.

ಇದು ಏತಕ್ಕೆ? ಜರ್ಮನ್ ಸಸ್ಯವಿಜ್ಞಾನಿ ಅರ್ನ್‌ಸ್ಟ್ ಸ್ಟಾಲ್ ಜಾವಾ ದ್ವೀಪದ ಬೊಗೋರ್ ತೋಟದಲ್ಲಿ ಎಲೆಗಳನ್ನು ನೋಡಿ, ಮಳೆಗೂ ಎಲೆಯ ಆಕಾರಕ್ಕೂ ಇರುವ ಸಂಬಂಧವನ್ನು ಕುರಿತು 1893ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಇಂಥ ತುದಿ ನೀರನ್ನು ಬೇಗ ಬಸಿದು ಎಲೆಯನ್ನು ಒಣಗಿಸುತ್ತದೆ ಎಂಬುದು ಅವನ ವಾದ. ಎಲೆ ಬೇಗ ಒಣಗಿದರೆ ಅದರ ಮೇಲೆ ಪಾಚಿ, ಹಾವಸೆ, ಕಲ್ಲುಹೂವು ಮೊದಲಾದವು ಬೆಳೆದು ಬೆಳಕನ್ನು ತಡೆಯಲಾರವು ಎಂಬ ಮಾತೂ ಆ ಕಾಲದಿಂದಲೇ ಪ್ರಚಾರದಲ್ಲಿದೆ. ಎಷ್ಟು ಸೊಗಸಾದ ವಿವರಣೆ! ತುದಿ ಇದೆ, ನೀರು ಬಸಿಯುತ್ತದೆ, ಪಾಚಿ ಬೆಳೆಯದು, ಗಿಡಕ್ಕೆ ಲಾಭ. ನಾನೂ ಇದನ್ನು ಹಲವು ವರ್ಷ ತರಗತಿಯಲ್ಲಿ ಹೀಗೆಯೇ ಹೇಳಿಕೊಟ್ಟಿದ್ದೇನೆ. ಯಾವ ವಿದ್ಯಾರ್ಥಿಯೂ "ತುದಿಯನ್ನು ಕತ್ತರಿಸಿ ನೋಡಿದ್ದೀರಾ?" ಎಂದು ನನ್ನನ್ನು ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ಕತ್ತರಿಸಿ ನೋಡಿದವರು ಉಂಟು. 2001ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ತುದಿ ಕತ್ತರಿಸಿದ ಎಲೆಗಳ ಮೇಲೆ ಹೆಚ್ಚು ನೀರು ನಿಂತಿತು. ಅಂದರೆ ಕಥೆಯ ಮೊದಲ ಅರ್ಧ ಗೆದ್ದಿತು. 2007ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆ ಕಾಫಿಯ ಕುಟುಂಬಕ್ಕೆ ಸೇರಿದ ಎರಡು ಕಾಡುಸಸ್ಯಗಳ ಮೇಲೆ ನಡೆದದ್ದು. ತುದಿಯನ್ನು ಕತ್ತರಿಸಿದ ಎಲೆಗಳ ಮೇಲೆ ಪಾಚಿ, ಹಾವಸೆಗಳ ಹೊದಿಕೆ ಹೆಚ್ಚಾಗುವುದೆಂಬ ನಿರೀಕ್ಷೆ ಅದರಲ್ಲಿ ಸಫಲವಾಗಲಿಲ್ಲ. ಕಥೆಯ ಎರಡನೆಯ ಅರ್ಧ ಅಲ್ಲಿ ಸೋತಿತು. ಇನ್ನು 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಅಮೆಜಾನ್ ಕಾಡಿನಲ್ಲಿ ಮಳೆಯ ರಭಸ ಹೆಚ್ಚಿರುವೆಡೆಗಳಲ್ಲಿ ಇಂಥ ತುದಿಯುಳ್ಳ ಮರಗಳೂ ಹೆಚ್ಚೆಂದು ತೋರಿಸಿತು. ಮಳೆಗೂ ತುದಿಗೂ ಸಂಬಂಧವಿದೆ. ತುದಿ ನೀರನ್ನು ಬಸಿಯುತ್ತದೆ. ಆದರೆ ಅದರಿಂದ ಗಿಡಕ್ಕೆ ಆಗುವ ಪ್ರಯೋಜನ ಇಂಥದೇ ಎಂದು ಬೆರಳಿಟ್ಟು ಹೇಳುವಂತಿಲ್ಲ.

ನಮ್ಮ ಸುತ್ತಲೇ ಈ ಒಗಟು ಬೆಳೆದು ನಿಂತಿದೆ. ಅರಳಿಯ ಹತ್ತಿರದ ಸಂಬಂಧಿಯಾದ ಆಲದ ಎಲೆಯ ತುದಿ ಮೊಂಡು. ಅದೇ ಕುಟುಂಬದ ಹಲಸು ಪಶ್ಚಿಮ ಘಟ್ಟದ ಭಾರಿ ಮಳೆಯಲ್ಲಿಯೂ ಸುಖವಾಗಿ ಬೆಳೆಯುವ ಮರ. ಅದರ ಎಲೆಗೆ ಬಾಲವಿಲ್ಲ. ಅರಳಿಯಾದರೋ ಬಯಲುಸೀಮೆಯ ಒಣ ಊರುಗಳ ಕಟ್ಟೆಗಳ ಮೇಲೆಯೂ ಅದೇ ಉದ್ದನೆಯ ಬಾಲವನ್ನು ಇಳಿಬಿಟ್ಟುಕೊಂಡು ನಿಂತಿದೆ. "ಮಳೆಗಾಗಿಯೇ ತುದಿ" ಎಂದು ಒಂದೇ ಉಸಿರಿಗೆ ಹೇಳುವವನು ಈ ಮೂರು ಮರಗಳ ಕೆಳಗೆ ಒಂದಿಷ್ಟು ಹೊತ್ತು ನಿಂತು ಆಮೇಲೆ ಮಾತನಾಡುವುದು ಒಳ್ಳೆಯದು.

ಹನಿ ಎಲೆಯನ್ನು ಸುಡುವುದೇ?

ಹೀಗೆಯೇ ಮನೆಮನೆಯಲ್ಲಿಯೂ ಕೇಳಿಬರುವ ಇನ್ನೊಂದು ಮಾತುಂಟು. ನಡು ಮಧ್ಯಾಹ್ನ ಗಿಡಗಳ ಮೇಲೆ ನೀರು ಚಿಮುಕಿಸಬಾರದು; ಎಲೆಯ ಮೇಲೆ ನಿಂತ ಹನಿ ಭೂತಗನ್ನಡಿಯಂತೆ ಬಿಸಿಲನ್ನು ಕೇಂದ್ರೀಕರಿಸಿ ಎಲೆಯನ್ನು ಸುಡುತ್ತದೆ ಎನ್ನುತ್ತಾರೆ. ತೋಟಗಾರಿಕೆಯ ಪುಸ್ತಕಗಳೂ ಇದನ್ನು ಹೇಳಿವೆ. ಭೌತಶಾಸ್ತ್ರವನ್ನು ಅರ್ಧ ಓದಿದವನಿಗೆ ಇದು ಸರಿಯೆಂದೇ ತೋರುತ್ತದೆ: ಹನಿ ಉಬ್ಬಿದ ಮಸೂರವಲ್ಲವೇ?

ಹಂಗೆರಿಯ ಆಡಂ ಎಗ್ರಿ, ಗಾಬೋರ್ ಹೊರ್ವಾತ್ ಮತ್ತು ಅವರ ಸಂಗಡಿಗರು ಈ ಮಾತನ್ನು ಲೆಕ್ಕದಿಂದಲೂ ಪ್ರಯೋಗದಿಂದಲೂ ಪರೀಕ್ಷಿಸಿ 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಲೆಗಳ ಮೇಲೆ ಗಾಜಿನ ಗೋಲಿಗಳನ್ನಿಟ್ಟು ಬಿಸಿಲಿಗೆ ಒಡ್ಡಿದಾಗ ಎಲೆ ಸುಟ್ಟಿತು. ನುಣುಪಾದ ಎಲೆಗಳ ಮೇಲೆ ನೀರಿನ ಹನಿಗಳನ್ನಿಟ್ಟಾಗ ಸುಡಲಿಲ್ಲ. ಕಾರಣ ಸ್ಪಷ್ಟ. ಅಂಥ ಎಲೆಯ ಮೇಲೆ ಹನಿ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಅದರ ಬೆಳಕು ಕೂಡುವ ಬಿಂದು ಎಲೆಗಿಂತ ಬಹಳ ಕೆಳಗೆ ಬೀಳುತ್ತದೆ. ಮೇಲಾಗಿ ನೀರೇ ಎಲೆಯನ್ನು ತಂಪಾಗಿರಿಸುತ್ತದೆ. ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ನೀರಿನ ಮೇಲೆ ತೇಲುವ ಒಂದು ಬಗೆಯ ಜರೀಗಿಡದ ಎಲೆಯ ಮೇಲೆ ಮೇಣ ಹೊದೆದ ರೋಮಗಳಿವೆ. ಆ ರೋಮಗಳು ದುಂಡನೆಯ ಹನಿಯನ್ನು ಎಲೆಗಿಂತ ಎತ್ತರದಲ್ಲಿ ಹಿಡಿದು ನಿಲ್ಲಿಸಿದಾಗ ಎಲೆ ಸುಟ್ಟದ್ದೂ ಉಂಟು. ಆದಕಾರಣ "ಹನಿ ಸುಡುತ್ತದೆ" ಎಂಬವನೂ ತಪ್ಪಿದ. "ಎಂದಿಗೂ ಸುಡದು" ಎಂಬವನೂ ತಪ್ಪಿದ. ಯಾವ ಎಲೆ, ಎಂಥ ಹನಿ ಎಂದು ಕೇಳಿದವನು ಮಾತ್ರ ಸರಿಯಾದ ಉತ್ತರವನ್ನು ಪಡೆದ. ಬಿಸಿಲಿನಲ್ಲಿ ಎರೆದ ನೀರು ಬೇಗ ಆವಿಯಾಗಿ ವ್ಯರ್ಥವಾಗುತ್ತದೆಂಬುದು ಬೇರೆ ಮಾತು. ಸಂಜೆ ನೀರೆರೆಯುವುದಕ್ಕೆ ಆ ಕಾರಣವೇ ಸಾಕು. ಒಳ್ಳೆಯ ಅಭ್ಯಾಸಕ್ಕೆ ಸುಳ್ಳು ಕಾರಣವನ್ನು ಊರುಗೋಲಾಗಿ ಕೊಡಬೇಕಾಗಿಲ್ಲ.

ಇದೇ ಎಚ್ಚರ ಹೊಸ ಸುದ್ದಿಗಳ ವಿಷಯದಲ್ಲಿಯೂ ಬೇಕು. ಮುಟ್ಟಿದರೆ ಮುನಿಯ ಎಲೆ ಮಳೆಹನಿ ಬಿದ್ದೊಡನೆ ಮಡಿಚಿಕೊಳ್ಳುವುದನ್ನು ನಾವೆಲ್ಲ ಬಲ್ಲೆವು. ಹಾಗೆ ಮಡಿಚಿಕೊಳ್ಳದ ಗಿಡಗಳೂ ಹನಿಯ ಪೆಟ್ಟನ್ನು ಅರಿಯುತ್ತವೆ. ಪ್ರಯೋಗಶಾಲೆಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಮೇಲೆ ನೀರು ಚಿಮುಕಿಸಿದರೆ, ಕೆಲವೇ ನಿಮಿಷಗಳಲ್ಲಿ ಅದರ ಅನೇಕ ಜೀನುಗಳ ಚಟುವಟಿಕೆ ಬದಲಾಗುವುದೆಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಎಲೆಯ ಮೇಲಿನ ರೋಮಗಳು ಹನಿಯ ಪೆಟ್ಟನ್ನು ಗ್ರಹಿಸಿ, ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುತ್ತವೆಂದು 2022ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಇದು ನಿಜವಾಗಿಯೂ ಬೆರಗಿನ ಸಂಗತಿ. ಆದರೆ ಇದನ್ನೇ "ಗಿಡಗಳು ಮಳೆಗೆ ಹೆದರುತ್ತವೆ" ಎಂದು ಬರೆದರೆ, ವಿಜ್ಞಾನಿ ಅಳೆಯದ ಒಂದು ವಸ್ತುವನ್ನು ನಾವು ಸೇರಿಸಿದಂತಾಯಿತು. ಅವರು ಅಳೆದದ್ದು ಜೀನುಗಳ ಚಟುವಟಿಕೆಯನ್ನು, ಹೆದರಿಕೆಯನ್ನಲ್ಲ.

ಒದ್ದೆ ಎಲೆಯ ಬೆಲೆ

"ಇದೆಲ್ಲ ಹವ್ಯಾಸಿಗಳ ಆಟ, ಇದರಿಂದ ಹೊಟ್ಟೆ ತುಂಬುತ್ತದೆಯೇ?" ಎಂದು ಕೇಳುವವರುಂಟು. ತುಂಬುತ್ತದೆ, ಇದನ್ನು ಕಡೆಗಣಿಸಿದರೆ ಬರಿದಾಗುವುದೂ ಉಂಟು. ಕಾಫಿಯ ಎಲೆಗೆ ತಗಲುವ ತುಕ್ಕು ರೋಗ 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು ಕೆಲವು ದಶಕಗಳಲ್ಲಿ ಅಲ್ಲಿನ ಕಾಫಿಯ ಬೇಸಾಯವನ್ನೇ ಅಳಿಸಿಹಾಕಿತು. ಆ ಶಿಲೀಂಧ್ರದ ಬೀಜಕಣ ಮೊಳೆಯಬೇಕಾದರೆ ಎಲೆಯ ಮೇಲೆ ದ್ರವರೂಪದ ನೀರು ಕೆಲವು ಗಂಟೆಗಳ ಕಾಲ ನಿಂತಿರಬೇಕು. ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬ ಒಂದು ಪ್ರಶ್ನೆಯ ಮೇಲೆ ರೋಗ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ನಿಂತಿದೆ. ಆದುದರಿಂದಲೇ ಇಂದು ಬೆಳೆರೋಗಗಳ ಮುನ್ಸೂಚನೆ ಕೊಡುವವರು ಮಳೆಯ ಪ್ರಮಾಣದ ಜೊತೆಗೆ ಎಲೆ ಒದ್ದೆಯಾಗಿರುವ ಗಂಟೆಗಳನ್ನೂ ಅಳೆಯುತ್ತಾರೆ.

ನಮ್ಮ ಅಡಿಕೆಯ ತೋಟಗಳ ಕೊಳೆರೋಗದ್ದೂ ಇಂಥದೇ ಕಥೆ. ಕನ್ನಡದ ಆ ಹೆಸರೇ ವಿಜ್ಞಾನದ ಗ್ರಂಥಗಳಿಗೂ ಸೇರಿಹೋಗಿದೆ. ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಕುರಿತು 1910ರಲ್ಲಿ ವರದಿ ಪ್ರಕಟಿಸಿದರು; ಮೈಲುತುತ್ತ ಮತ್ತು ಸುಣ್ಣವನ್ನು ಸೇರಿಸಿ ಮಾಡಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಇದು ಎಲೆಗಿಂತ ಹೆಚ್ಚಾಗಿ ಕಾಯನ್ನು ಹಿಡಿಯುವ ರೋಗ. ಆದರೂ ನೀರಿನ ಪಾಠ ಅದೇ. ರೋಗಾಣುವಿನ ಈಜುವ ಕಣಗಳಿಗೆ ಓಡಾಡಲು ನೀರಿನ ಪದರ ಬೇಕು. ನಮ್ಮ ಔಷಧಿಗಾದರೋ ಆ ನೀರಿನಲ್ಲಿ ತೊಳೆದುಹೋಗದಂತೆ ಅಂಟಿಕೊಂಡಿರುವ ಗುಣ ಬೇಕು.

ಎಲೆಕೋಸಿನ ಮೇಲೆ ಬರಿಯ ನೀರಿನಲ್ಲಿ ಬೆರೆಸಿದ ಔಷಧಿಯನ್ನು ಸಿಂಪಡಿಸಿದರೆ ಅದು ಗುಂಡುಗುಂಡಾಗಿ ಉರುಳಿ ಮಣ್ಣಿಗೆ ಬೀಳುತ್ತದೆ. ರೈತನ ಹಣವೂ ಮಣ್ಣುಪಾಲು. ಮಣ್ಣಿಗೂ ಬೇಡದ ವಿಷ. ಅದಕ್ಕೇ ಅಂಟನ್ನೋ ಸಾಬೂನನ್ನೋ ಸೇರಿಸುತ್ತಾರೆ. ಸಾಬೂನು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದ ಹನಿ ಹರಡಿ ನಿಲ್ಲುತ್ತದೆ. ಕೆಸುವಿನ ಎಲೆಯ ಮೇಲೆ ಹನಿಯನ್ನು ಉರುಳಿಸಿ ನೋಡಿದ ಹುಡುಗನಿಗೆ ಇದನ್ನು ಎರಡು ಮಾತಿನಲ್ಲಿ ತಿಳಿಸಬಹುದು. ನೋಡದವನಿಗೆ ಎರಡು ಪುಟ ಬರೆಸಿದರೂ ತಿಳಿಯದು.

ಬಿಂದುಸ್ರಾವದ ಆ ನಿರಪರಾಧಿ ಹನಿಯೂ ಒಂದು ಎಚ್ಚರಿಕೆಯನ್ನು ಕೊಟ್ಟಿದೆ. ನಿಯೋನಿಕೊಟಿನಾಯ್ಡ್ ಎಂಬ ವರ್ಗದ ಕೀಟನಾಶಕವನ್ನು ಲೇಪಿಸಿದ ಮೆಕ್ಕೆಜೋಳದ ಬೀಜ ಮೊಳೆತು ಪೈರಾದಾಗ, ಅದರ ಎಲೆಯ ತುದಿಯ ಹನಿಯಲ್ಲಿ ಆ ವಿಷ ಇರುತ್ತದೆ. ಜೇನುನೊಣ ಅದನ್ನು ಕುಡಿದರೆ ಸಾಯಬಲ್ಲದು ಎಂದು ಇಟಲಿಯ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು. ಆ ಹನಿ ಆಕಾಶದಿಂದ ಬಂದ ಇಬ್ಬನಿಯೆಂದೇ ನಂಬಿದ್ದವನು ಅದರಲ್ಲಿ ಬೀಜದ ಮೇಲಿನ ವಿಷವನ್ನು ಹುಡುಕುವ ಯೋಚನೆಯನ್ನಾದರೂ ಮಾಡುತ್ತಿದ್ದನೇ?

ಮಾಡಬೇಕಾದುದೇನು?

ನನ್ನ ಸಲಹೆ ಸರಳವಾದದ್ದು. ಪ್ರೌಢಶಾಲೆ, ಕಾಲೇಜುಗಳಲ್ಲಿ ಸಸ್ಯವಿಜ್ಞಾನದ ಪಾಠ ಮಳೆಗಾಲದಲ್ಲಿ ತೋಟದಿಂದ ಆರಂಭವಾಗಲಿ. ಪುಸ್ತಕ ಆಮೇಲೆ ಬರಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಹತ್ತು ಬಗೆಯ ಎಲೆಗಳನ್ನು ಆರಿಸಿಕೊಳ್ಳಲಿ. ಹನಿ ಹರಡಿತೇ ಉರುಳಿತೇ, ಮೇಲ್ಮೈ ಮತ್ತು ಕೆಳಮೈ ಒಂದೇ ಬಗೆಯವೇ, ಎಳೆಯ ಎಲೆಗೂ ಹಣ್ಣೆಲೆಗೂ ಭೇದವೇನು, ಮಳೆ ನಿಂತ ಎಷ್ಟು ನಿಮಿಷಕ್ಕೆ ಎಲೆ ಒಣಗಿತು, ಇವುಗಳನ್ನು ಟಿಪ್ಪಣಿ ಪುಸ್ತಕದಲ್ಲಿ ತಾರೀಖು ಸಹಿತ ಬರೆದಿಡಲಿ. ಕಂಡದ್ದನ್ನು ಒಂದು ಕಡೆಯಲ್ಲಿಯೂ ಊಹಿಸಿದ್ದನ್ನು ಇನ್ನೊಂದು ಕಡೆಯಲ್ಲಿಯೂ ಬರೆಯಲಿ, ಎರಡನ್ನೂ ಬೆರೆಸದಿರಲಿ.

ಆಮೇಲೆ ಅರಳಿಯ ಎಲೆಗೆ ಕತ್ತರಿ ಹಾಕಲಿ. ಒಂದೇ ಗಾತ್ರದ ಮೂವತ್ತು ಎಲೆಗಳನ್ನು ತಂದು, ಹತ್ತನ್ನು ಇದ್ದಂತೆಯೇ ಬಿಡಲಿ. ಹತ್ತರ ಬಾಲವನ್ನು ಕತ್ತರಿಸಲಿ. ಉಳಿದ ಹತ್ತರಲ್ಲಿ ಬಾಲವನ್ನು ಉಳಿಸಿ, ಅಂಚಿನಿಂದ ಅಷ್ಟೇ ದೊಡ್ಡ ತುಂಡನ್ನು ಕತ್ತರಿಸಲಿ. ಈ ಮೂರನೆಯ ಗುಂಪು ಏಕೆ ಬೇಕೆಂದು ಯೋಚಿಸಿದವನಿಗೆ ಪ್ರಯೋಗವೆಂದರೇನೆಂಬುದು ಅರ್ಧ ತಿಳಿದಂತೆಯೇ ಸರಿ. ವ್ಯತ್ಯಾಸ ಬಂದರೆ ಅದು ಬಾಲ ಹೋದುದರಿಂದ ಬಂತೋ, ಬರಿಯ ಗಾಯದಿಂದ ಬಂತೋ ಎಂಬುದನ್ನು ಆ ಗುಂಪು ಹೇಳುತ್ತದೆ. ಎಲ್ಲವನ್ನೂ ಒಂದೇ ಓರೆಯಲ್ಲಿ ತೂಗುಹಾಕಿ, ತೂಕ ಮಾಡಿ, ಒಂದೇ ಅಳತೆಯ ನೀರು ಚಿಮುಕಿಸಿ, ಐದು ನಿಮಿಷದ ನಂತರ ಮತ್ತೆ ತೂಕ ಮಾಡಿದರೆ ಆಯಿತು.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಪಾಠಪಟ್ಟಿ ಉದ್ದವಾಗಿದೆ, ವೇಳೆಯಿಲ್ಲ ಎನ್ನುವರು. ನಾನು ಕೇಳುತ್ತಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಅರ್ಧ ಗಂಟೆ. ಉಪಕರಣಗಳಿಲ್ಲ ಎನ್ನುವರು, ಬಕೆಟ್ಟು, ಬೋಗುಣಿ, ಕತ್ತರಿ, ತಕ್ಕಡಿಗಳಿಲ್ಲದ ಊರನ್ನು ನಾನು ಕಂಡಿಲ್ಲ. ಹುಡುಗರಿಗೆ ಪುಸ್ತಕದಲ್ಲಿರುವುದಕ್ಕಿಂತ ಬೇರೆ ಉತ್ತರ ಬಂದರೆ ಏನು ಮಾಡುವುದು ಎಂಬುದು ಹಲವರ ನಿಜವಾದ ಅಂಜಿಕೆ. ಇದು ಸ್ವಲ್ಪ ಗಂಭೀರವಾದದ್ದು. ಬಂದರೆ ಬರಲಿ. ಮತ್ತೆ ಮಾಡಿ ನೋಡಲಿ. ಎಲ್ಲಿ ತಪ್ಪಿತೆಂದು ಹುಡುಕಲಿ. ಹುಡುಕಿದರೂ ತಪ್ಪು ಸಿಗದಿದ್ದರೆ ಪುಸ್ತಕವನ್ನು ಸಂಶಯಿಸಲಿ. ಪುಸ್ತಕದ ಮಾತು ಪರೀಕ್ಷೆಗೆ ಹೆದರಬೇಕಾದುದಿಲ್ಲ. ಹೆದರುವುದಾದರೆ ಅದು ಪುಸ್ತಕದಲ್ಲಿರಲು ಯೋಗ್ಯವಲ್ಲ.

ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ. ಎಲ್ಲವನ್ನೂ ಎಲ್ಲರೂ ತಾವೇ ಪರೀಕ್ಷಿಸಿ ನೋಡಲಾಗದು. ಜೀನುಗಳ ಚಟುವಟಿಕೆಯನ್ನು ಕೈತೋಟದಲ್ಲಿ ಅಳೆಯಲಾರೆವು. ಅಲ್ಲಿ ಬಲ್ಲವರ ಮಾತನ್ನು ನಂಬಲೇಬೇಕು. ಆದರೆ ಒಂದೆರಡು ಸಂಗತಿಗಳನ್ನಾದರೂ ತನ್ನ ಕೈಯಿಂದ ಪರೀಕ್ಷಿಸಿ ನೋಡಿದವನಿಗೆ, ಉಳಿದವನ್ನು ಯಾರು, ಹೇಗೆ ಪರೀಕ್ಷಿಸಿದರು ಎಂದು ಕೇಳುವ ಅಭ್ಯಾಸ ಬೆಳೆಯುತ್ತದೆ. ಆ ಅಭ್ಯಾಸವಿರುವವನು ಔಷಧಿ ಮಾರುವವನ ಮುಂದೆಯೂ, ವದಂತಿ ಹಬ್ಬಿಸುವವನ ಮುಂದೆಯೂ ಸುಲಭವಾಗಿ ತಲೆದೂಗುವುದಿಲ್ಲ.

ಅಂದು ತಂತಿಯನ್ನು ಮುಟ್ಟಿ ನೋಡಿದ ಹುಡುಗ ಮರುವಾರ ನನಗೊಂದು ಪ್ರಶ್ನೆ ಕೇಳಿದ: "ಸಾರ್, ಮೋಡವಿಲ್ಲದ ದಿನ ತಂತಿಯ ಮೇಲೂ ಹನಿಯಿತ್ತು, ರಾಗಿಯ ತುದಿಯಲ್ಲೂ ಹನಿಯಿತ್ತು. ತುದಿಯ ಹನಿಯಲ್ಲಿ ಇಬ್ಬನಿ ಎಷ್ಟು, ಬೇರಿನ ನೀರು ಎಷ್ಟು, ಹೇಗೆ ತಿಳಿಯುವುದು?" ನಾನು ಉತ್ತರ ಹೇಳಲಿಲ್ಲ. ಒಂದು ಬಕೆಟ್ಟನ್ನು ತಂದುಕೊಟ್ಟೆ.